ಅಕ್ಕನ ‘ಇಂಡಿಕಾ’ ಹಾಳೆಗಳು

ನಾನು ಚಿಕ್ಕವಳಿದ್ದಾಗ ಮಂಕಿ ಊರಿನ ನಮ್ಮ ಮನೆಯಲ್ಲಿ ಗಿಡಮರಗಳಿಗೆಲ್ಲ ಎರಡೆರಡು ಹೆಸರಿತ್ತು. ಒಂದು ನಮ್ಮದು, ಇನ್ನೊಂದು ಕುಮಟೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದ ಅಕ್ಕನದು. ಹುಣಸೆ ಟ್ಯಾಮರಿಂಡಸ್ ಇಂಡಿಕಾ, ಕೆಂಪು ಹುಳಿಹಣ್ಣಿನ ಮುರುಗಲು ಗಾರ್ಸೀನಿಯಾ ಇಂಡಿಕಾ. ಕೊನೆಯ ‘ಇಕಾ’ ರೋಮಿನವರ ಲ್ಯಾಟಿನ್ ಭಾಷೆಯ ಬಾಲವಂತೆ. ಗ್ರೀಕರಲ್ಲೂ ಅದಕ್ಕೊಬ್ಬ ನೆಂಟನಿದ್ದನಂತೆ. ದೇಶದ ಹೆಸರಿಗೆ ಅಂಟಿಸಿದರೆ ‘ಅಲ್ಲಿಯದು’ ಎಂದಾಗುತ್ತದೆ. ಮಲಬಾರಿನದಾದರೆ ಮಲಬಾರಿಕಾ. ನಾನಂತೂ ನಮ್ಮ ಬೆಕ್ಕನ್ನೂ ಬಿಡದೆ ‘ಮಂಕಿಕಾ’ ಮಾಡಿಬಿಟ್ಟಿದ್ದೆ.

ಪರೀಕ್ಷೆಗೆ ಅವಳು ಇಪ್ಪತ್ತು ಗಿಡಗಳನ್ನು ಒಣಗಿಸಿ, ಹಾಳೆಗೆ ಹೊಲಿದು, ಲ್ಯಾಟಿನ್ ಹೆಸರು ಬರೆದು ಒಪ್ಪಿಸಬೇಕಿತ್ತು. ತಿಂಗಳುಗಟ್ಟಲೆ, ಹುಲ್ಲು ಸುತ್ತಿದ ಭಾರದ ಅಕ್ಕಿಮುಡಿಯ ಅಡಿಯಲ್ಲಿಟ್ಟು ಒಣಗಿಸಿದ್ದಳು. ಹಿಂದಿನ ವರ್ಷ ಅವಳು ನಪಾಸಾಗಿದ್ದಳು. ಇನ್ನೊಮ್ಮೆ ಹಾಗಾದರೆ ಓದು ಬಿಡಿಸಿ ಮದುವೆ ಮಾಡುವೆನೆಂದು ಅಪ್ಪ ಹೇಳಿಯಾಗಿತ್ತು.

ಪರೀಕ್ಷೆಗೆ ಹೊರಡುವ ಹಿಂದಿನ ದಿನ, ಹಾಳೆಗಳು ಸ್ವಲ್ಪ ತೇವವಾಗಿವೆಯೆಂದು ಬಿಸಿಲಿಗಿಡಲು ನನ್ನ ಕೈಗೆ ಕೊಟ್ಟಳು. ಅಂಗಳದಲ್ಲಿ ಕಡಲಗಾಳಿ ಜೋರಿತ್ತು. ಹಾರಿಹೋಗದಿರಲೆಂದು ನಾನು, ಮಹಾ ಜಾಣೆ, ಮುರುಗಲು ಸಿಪ್ಪೆ ಹರವಿದ್ದ ಬಿದಿರಿನ ಗೆರಸಿಯನ್ನು ಅವುಗಳ ಮೇಲಿಟ್ಟು ಆಡಲು ಹೋದೆ. ಆಗಷ್ಟೇ ರಸದಲ್ಲಿ ಅದ್ದಿ ತೆಗೆದ ಸಿಪ್ಪೆ ಅದು. ಮಧ್ಯಾಹ್ನ ಗೆರಸಿ ಎತ್ತಿದರೆ ಹಾಳೆಗಳು ಕಡುಗೆಂಪಾಗಿ ಒಂದಕ್ಕೊಂದು ಅಂಟಿದ್ದವು. ಮೂಗಿಗೆ ಹುಳಿ ವಾಸನೆ ಹೊಡೆಯಿತು. ಶಾಯಿಯ ಅಕ್ಷರ ಒಂದೂ ಉಳಿದಿರಲಿಲ್ಲ.

“ಎಂತ ಮಾಡ್ದೆ ತಂಗಿ, ಎಂತ ಮಾಡ್ದೆ!” ಅಕ್ಕ ನೆಲಕ್ಕೆ ಕುಸಿದಳು. ಮತ್ತೆ ಎದ್ದು ಬಾವಿಕಟ್ಟೆಯಲ್ಲಿ ಒಂದೊಂದೇ ಹಾಳೆ ತೊಳೆದಳು. ಎಲೆಗಳು ಅವಳ ಕೈಯಲ್ಲೇ ಪುಡಿಯಾದವು. ಗುಡ್ಡಕ್ಕೆ ಓಡಿ ಹೊಸ ಎಲೆ ತಂದು ಬಿಸಿ ಕಾವಲಿಯ ಮೇಲೆ ಒತ್ತಿದಳು. ಅವು ಕಪ್ಪಾಗಿ ಸುರುಟಿದವು. ಅವಳು ಅಳುತ್ತಲೇ ಇನ್ನಷ್ಟು ಒತ್ತಿದಳು.

ಸಂಜೆ ಅಪ್ಪ ಬಂದು, “ಯಾರು ಮಾಡಿದ್ದು ಇದು?” ಎಂದು ಗುಡುಗಿದರು. ನನಗೆ ಅವರ ಬೆತ್ತದ ಪೆಟ್ಟು ಗೊತ್ತಿತ್ತು. ಕಂಬದ ಹಿಂದೆ ಅಡಗಿ ನಿಂತೆ.

“ನಾನೇ ಇಟ್ಟಿದ್ದೆ” ಎಂದಳು ಅಕ್ಕ.

“ಅಷ್ಟೂ ಜವಾಬ್ದಾರಿ ಇಲ್ದಿದ್ರೆ ಓದಿ ಎಂತ ಆಗ್ಬೇಕು? ಆತು, ಓದಿದ್ದು ಸಾಕು.”

ಮರುದಿನ ಅಕ್ಕ ಕುಮಟೆಗೆ ಹೋಗಲು ಶರಾವತಿ ದಾಟುವ ಲಾಂಚು ಹತ್ತಲಿಲ್ಲ. ಮಳೆಗಾಲಕ್ಕೆ ಮುಂಚೆಯೇ ಅವಳ ಮದುವೆಯಾಯಿತು.

ಮಕ್ಕಳೇ, ನೀವು ಮೊಬೈಲು ಹಿಡಿದರೆ ಸಾಕು, ಗಿಡದ ಲ್ಯಾಟಿನ್ ಹೆಸರು ಅದೇ ಹೇಳುತ್ತದೆ. ಒಂದು ಪರೀಕ್ಷೆ ಹೋದರೆ ಇನ್ನೊಂದು ಕಟ್ಟುತ್ತೀರಿ. ಅದಕ್ಕೆಲ್ಲ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನೀವು ಏನಾದರೂ ಒಡೆದು ಹಾಕಿ, ನಿಮ್ಮ ಅಪ್ಪನ ಎದುರು ನಿಂತು ‘ನಾನು ಮಾಡಿದ್ದು’ ಎನ್ನುತ್ತೀರಲ್ಲ, ಬೈಸಿಕೊಂಡು ನಗುತ್ತಾ ಊಟಕ್ಕೆ ಬರುತ್ತೀರಲ್ಲ, ಅದನ್ನು ಕಂಡಾಗ ನನ್ನ ಎದೆ ಉರಿಯುತ್ತದೆ. ಅಷ್ಟು ಹೇಳಿ ನಾಲ್ಕು ಪೆಟ್ಟು ತಿಂದಿದ್ದರೆ ಅಕ್ಕನ ಓದು ಉಳಿಯುತ್ತಿತ್ತೋ ಏನೋ. ನಾನು ಬಾಯಿ ಬಿಡಲಿಲ್ಲ.