ಟಾರ್ಚ್ ಮಿಸ್ ಕೈಗೆ ಸಿಕ್ಕ ನನ್ನ ಹಲ್ಲು

ನನ್ನ ಮೊಮ್ಮಗಳ ಶಾಲೆಯ ಪಿ.ಟಿ. ಟೀಚರಿಗೆ ಮಕ್ಕಳು ಇಟ್ಟ ಹೆಸರು ಟಾರ್ಚ್ ಮಿಸ್. ಹಾಕಿ ಆಟಕ್ಕೆ ಮುಂಚೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು, "ಬಾಯಿ ತೆಗಿ" ಎನ್ನುತ್ತಾರೆ. ಚೆಂಡಿನೇಟಿನಿಂದ ಹಲ್ಲು ಕಾಯುವ ರಬ್ಬರಿನಂಥ ಗಾರ್ಡ್ ಸರಿಯಾಗಿ ಕೂತಿದ್ದರೆ ಮೈದಾನ, ಇಲ್ಲದಿದ್ದರೆ ಬೆಂಚು. "ಮಿಸ್ ಹತ್ರ ಸುಳ್ಳು ಹೇಳ್ಬೇಡ್ರೇ, ಬೆಳಿಗ್ಗೆ ಏನ್ ತಿಂದ್ವಿ ಅಂತಾನೂ ಕಂಡ್‌ಹಿಡೀತಾರೆ" ಎಂದು ಹುಡುಗಿಯರು ನಗುತ್ತಾರೆ.

ಮೊಮ್ಮಗಳನ್ನು ಕರೆತರಲು ಹೋದಾಗ ನಾನು ಮೈದಾನದ ಬೆಂಚಿನಲ್ಲಿ ಕೂರುತ್ತೇನೆ. ಸುಮ್ಮನೆ ಕೂತವರ ಹತ್ತಿರ ಜನ ಮನಸ್ಸು ಬಿಚ್ಚುತ್ತಾರೆ. ಒಂದು ಸಂಜೆ ಗೋಲಿನ ಹರಿದ ಬಲೆ ಹೊಲಿಯುತ್ತ ಮಿಸ್, ತಮ್ಮ ಮುಂದಿನ ಎರಡು ಹಲ್ಲು ಕಟ್ಟಿಸಿದ್ದು ಎಂದರು.

"ಆಟದಲ್ಲಿ ಹೋಯ್ತಾ?" ಎಂದೆ.

"ಹಾಗಾಗಿದ್ರೆ ಹೇಳ್ಕೊಳ್ಳೋಕಾದ್ರೂ ಚೆನ್ನಾಗಿರ್ತಿತ್ತಮ್ಮ. ಇಂಥದ್ದೇ ಬಲೆ ಹಗ್ಗ. ಗಂಟು ಬಿಡ್ಲಿಲ್ಲ ಅಂತ ಕಚ್ಚಿ ಎಳೆದೆ. ಗಂಟು ಅಲ್ಲೇ ಇತ್ತು, ಹಲ್ಲು ಬಂತು!"

ಅಂದಿನಿಂದ ಅವರು ಸೇಬನ್ನೂ ಕತ್ತರಿಸಿಯೇ ತಿನ್ನುತ್ತಾರೆ. ನಕ್ಕರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಸಂಜೆ ಕೊನೆಯ ಹುಡುಗಿ ಮನೆಗೆ ಹೊರಡುವವರೆಗೆ ಗೇಟಿನಿಂದ ಕದಲುವುದಿಲ್ಲ.

ಈ ವರ್ಷ ಮೊಮ್ಮಗಳು ಮೊದಲ ಸಲ ತಂಡಕ್ಕೆ ಸೇರಿದಳು. ಹಾಲುಹಲ್ಲು ಬಿದ್ದು ಹೊಸವು ಬಂದಿದ್ದರಿಂದ ಅಭ್ಯಾಸಕ್ಕೆ ಹಾಕುತ್ತಿದ್ದ ಹಳೆಯ ಗಾರ್ಡ್ ಕೂರುತ್ತಿರಲಿಲ್ಲ. ಹೊಸದನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಕಚ್ಚಿದರೆ ಹಲ್ಲಿನ ಅಚ್ಚು ಮೂಡುತ್ತದೆ. "ಮೈದಾನಕ್ಕೇ ತನ್ನಿ, ನಾನೇ ಮಾಡ್ಕೊಡ್ತೀನಿ" ಎಂದಿದ್ದರು ಮಿಸ್. ನೀರು ಕಾಯಿಸಲು ಟೀಚರ್ ಬೇಕೆ? ಒಲೆಯ ಮುಂದೆಯೇ ತಲೆ ನರೆತವಳು ನಾನು!

ಪಂದ್ಯದ ದಿನ ದೇವರಿಗೆ ಕೈಮುಗಿದು ನೀರಿಟ್ಟೆ. ಗಾರ್ಡ್ ಬೇಕಾದ್ದಕ್ಕಿಂತ ತುಸು ಹೆಚ್ಚೇ ಮೆತ್ತಗಾಯಿತು. ಮಗುವಿನ ಬಾಯಿ ಸುಟ್ಟೀತೆಂದು, ಅವಳಪ್ಪನಿಗೆ ಹಾಲು ಕುಡಿಸುವಾಗ ಮಾಡುತ್ತಿದ್ದಂತೆ, ಮೊದಲು ನನ್ನ ಬಾಯಿಗಿಟ್ಟು ನೋಡಿದೆ. ಹಾಲು ಬೇರೆ, ಇದು ಬೇರೆ ಎಂದು ಹೊಳೆಯುವಷ್ಟರಲ್ಲಿ ಕಚ್ಚಿಯೂ ಆಗಿತ್ತು. ಎಳೆದೆ. ಗಾರ್ಡ್ ಬಂತು, ಅದನ್ನು ಹಿಡಿದುಕೊಂಡು ನನ್ನ ಮೇಲಿನ ಹಲ್ಲಿನ ಸೆಟ್ಟೂ ಇಡಿಯಾಗಿ ಬಂತು.

"ಅಜ್ಜೀ! ನಿನ್ನ ಹಲ್ಲಿನ ಅಚ್ಚು ಬಿತ್ತಲ್ಲ! ಮಿಸ್ ನನ್ನ ಆಡ್ಸಲ್ಲ!" ಅವಳು ಅತ್ತೇಬಿಟ್ಟಳು.

ಅಂಟಿಕೊಂಡ ಎರಡನ್ನೂ ಊಟದ ಡಬ್ಬಿಗೆ ಹಾಕಿಕೊಂಡು ಮೈದಾನಕ್ಕೆ ಓಡಿದೆವು. ಮಿಸ್ ಡಬ್ಬಿಯೊಳಗೆ ಟಾರ್ಚ್ ಬಿಟ್ಟರು.

"ಪುಟ್ಟೀ, ಇವತ್ತು ಯಾರನ್ನ ಆಡಿಸ್ಲಿ? ನಿನ್ನನ್ನಾ, ಅಜ್ಜೀನಾ?"

"ಇದೊಂದಿನ ಗಾರ್ಡಿಲ್ದೇ ಆಡೋಕೆ ಬಿಟ್ಬಿಡಿ, ದೇವರು ಕಾಯ್ತಾನೆ" ಎಂದೆ. ಬೊಚ್ಚುಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು.

"ಅವನು ಹಲ್ಲನ್ನ ಎರಡು ಸಲ ಕೊಟ್ಟಾಗಿದೆಯಮ್ಮ. ಮೂರನೇ ಸಲ ಡಾಕ್ಟರೇ ಕೊಡ್ಬೇಕು. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಸಾಕ್ಷಿ ಡಬ್ಬಿಯಲ್ಲೇ ಇತ್ತು.

ಆಟ ಅವಳಿಲ್ಲದೆ ಶುರುವಾಯಿತು. ಮಿಸ್ ತಮ್ಮ ಫ್ಲಾಸ್ಕಿನ ಬಿಸಿನೀರು ಸುರಿದು, ಮೆಲ್ಲಗೆ ಸುಲಿದು ಎರಡನ್ನೂ ಬೇರೆ ಮಾಡಿದರು. ನನ್ನ ಸೆಟ್ಟು ಕರವಸ್ತ್ರದಲ್ಲಿ ಅವರ ಜೇಬು ಸೇರಿತು. ಗಾರ್ಡ್ ತೊಳೆದು ಮತ್ತೆ ಅದ್ದಿ, "ಕಚ್ಚು. ತುಟಿ ಮುಚ್ಚಿ ಚೀಪು. ಬೆರಳಿಂದ ಒತ್ತು" ಎಂದರು. ತಣ್ಣೀರು. ಟಾರ್ಚ್. ಇಲ್ಲವೆಂದು ತಲೆಯಾಡಿಸಿದರು: "ಎಡಗಡೆ ಸಡಿಲ."

ಮೊಮ್ಮಗಳು ನನ್ನತ್ತ ನೋಡಲೇ ಇಲ್ಲ. ಮಿಸ್ ಮನಸ್ಸು ಕರಗಿಸಪ್ಪಾ ಎಂದು ದೇವರನ್ನು ಬೇಡಲು ಹೊರಟೆ. ನಾಚಿಕೆಯಾಗಿ, ಗಾರ್ಡ್ ಕರಗಿಸು ಸಾಕು ಎಂದು ತಿದ್ದಿಕೊಂಡೆ.

ಮತ್ತೆ ಬಿಸಿನೀರು, ಮತ್ತೆ ಟಾರ್ಚ್. ಮಿಸ್ ಗಾರ್ಡನ್ನು ಹಿಡಿದು ಅಲುಗಾಡಿಸಿದರು. ಅದು ಅಲುಗಲಿಲ್ಲ.

"ಹೋಗು!"

ಆಟದ ಉಳಿದರ್ಧವನ್ನು ಅವಳು ಆಡಿದಳು. ಚೆಂಡು ಅವಳತ್ತ ಬಂದಾಗಲೆಲ್ಲ ನಾನು ನನ್ನ ಬಾಯಿ ಮುಚ್ಚಿಕೊಂಡೆ, ಅಲ್ಲಿ ಕಾಪಾಡುವುದಕ್ಕೆ ಏನೂ ಇರದಿದ್ದರೂ. ತಂಡ ಸೋತಿತು. ಅವಳು ಮಾತ್ರ ಗೆದ್ದವಳಂತೆ ಓಡಿಬಂದು, ಗಾರ್ಡ್ ತೆಗೆದು, ಹಲ್ಲೆಲ್ಲ ಬಿಟ್ಟು ನಕ್ಕಳು.

ಹಿಂದೆಯೇ ಮಿಸ್ ಬಂದರು. ಹುಡುಗಿಯರೆಲ್ಲ ಸುತ್ತ ನಿಂತಿದ್ದರು.

"ಅಮ್ಮಾ, ಬಾಯಿ ತೆಗೀರಿ."

ತೆಗೆದೆ. ಮಿಸ್‌ಗೆ ನಗು ತಡೆಯಲಾಗಲಿಲ್ಲ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ನನ್ನ ಹಲ್ಲು. ಬಾಯಿ ಮುಚ್ಚಿಕೊಳ್ಳಲು ಅವರಿಗೆ ಕೈಯೇ ಉಳಿದಿರಲಿಲ್ಲ.