ಫ್ಯಾಕ್ಸ್ ಲೈನಿನಲ್ಲಿ ಹಾಜರಿ

ಭದ್ರಾವತಿಯಲ್ಲಿ ಬಸ್ಸಿಳಿಯುವಾಗ ಜಾರಿ ಬಿದ್ದು ನನ್ನ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ, ಇಂಟರ್ನೆಟ್ ಎಂದರೆ ಸೈಬರ್ ಸೆಂಟರಿಗೆ ಹೋಗಬೇಕಾಗಿದ್ದ ವರ್ಷಗಳು ಅವು. ಓಲ್ಡ್ ಟೌನಿನಿಂದ ಸ್ವಲ್ಪ ದೂರದ ಒಂದು ಎರಕದ ಕಾರ್ಖಾನೆಯಲ್ಲಿ ನಾನು ಡ್ರಾಯಿಂಗ್ ಮಾಡುತ್ತಿದ್ದೆ. ಪಂಪಿನ ಕವಚ, ಗೇರಿನ ಪೆಟ್ಟಿಗೆ ಇಂಥವನ್ನು ನಾನು ಕಂಪ್ಯೂಟರಿನಲ್ಲಿ ಬರೆದುಕೊಟ್ಟರೆ ಮಿಸ್ತ್ರಿಗಳು ಅದನ್ನು ನೋಡಿ ಎರಕದ ಅಚ್ಚಿಗೆ ಬೇಕಾದ ಪ್ಯಾಟರ್ನನ್ನು ಮರದಲ್ಲಿ ಕೆತ್ತುತ್ತಿದ್ದರು. ಆ ವಿಭಾಗದಲ್ಲಿ ಹೆಂಗಸು ನಾನೊಬ್ಬಳೇ.

ಪಕ್ಕದ ಊರಿನ ವಿನೋಬನಗರದ ನಮ್ಮ ಮನೆಯಲ್ಲಿ ಇದ್ದವರು ನಾನು ಮತ್ತು ಅಮ್ಮ. ಒಂದು ವಾರ ಕಳೆದ ಮೇಲೆ ಮ್ಯಾನೇಜರು ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಮೂರು ತಿಂಗಳು ಪ್ಲಾಸ್ಟರ್ ಅಂತೆ. ಅಷ್ಟು ದಿನ ಕಾಯಕ್ಕಾಗಲ್ಲಮ್ಮ. ರಾಜೀನಾಮೆ ಬರ್ದು ಕೊಟ್ಬಿಡಿ, ಕಾಲು ಸರಿಹೋದ್ಮೇಲೆ ನೋಡೋಣ" ಎಂದರು.

"ಮುರಿದಿರೋದು ಕಾಲು ಸರ್, ಕೈ ಅಲ್ಲ. ಮನೆಯಿಂದಾನೇ ಮಾಡ್ತೀನಿ" ಎಂದೆ.

"ಮನೇಲಿ ಮಾಡಿದ್ದು ಆಫೀಸಿಗೆ ಹೆಂಗೆ ಬರುತ್ತೆ?"

"ಫೋನ್ ಲೈನಲ್ಲಿ."

ಅವರು ನಕ್ಕರು. ಆಫೀಸಿನ ಫೋನನ್ನು ನನಗೊಬ್ಬಳಿಗೇ ಬಿಟ್ಟುಕೊಡಲಾಗುವುದಿಲ್ಲ ಎಂದರು. ಫೋನು ಬೇಡ, ಊಟದ ಹೊತ್ತಿನಲ್ಲಿ ಫ್ಯಾಕ್ಸ್ ಲೈನು ಸುಮ್ಮನೆ ಬಿದ್ದಿರುತ್ತದೆ, ಅದು ಸಾಕು, ಕರೆಯ ಖರ್ಚೂ ನನ್ನದೇ ಎಂದೆ. ಹಟಮಾರಿ ಮಗುವಿಗೆ ಹೇಳುವ ಹಾಗೆ "ಮಾಡಿ ನೋಡಿ" ಎಂದು ಎದ್ದುಹೋದರು.

ನಿಜ ಹೇಳಬೇಕೆಂದರೆ, ಅಂಥದ್ದನ್ನು ನಾನು ಅದುವರೆಗೆ ಮಾಡಿಯೇ ಇರಲಿಲ್ಲ. ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ನಮ್ಮ ಬೀದಿಯ ಸೈಬರ್ ಸೆಂಟರಿನವರು ಹೊಸ ಸಂಪರ್ಕ ಹಾಕಿಸಿಕೊಂಡು ಮೂಲೆಗೆ ಎಸೆದಿದ್ದ, ಕಂಪ್ಯೂಟರನ್ನು ಫೋನಿನ ತಂತಿಗೆ ಜೋಡಿಸುವ ಎರಡು ಮೋಡೆಮ್‌ಗಳನ್ನು ಅಮ್ಮ ಚೌಕಾಸಿ ಮಾಡಿ ತಂದಳು. ಒಂದನ್ನು ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟು ಕಳಿಸಿದೆ. ಅವರು ಮನೆಯಲ್ಲಿ ತಮಿಳು ಮಾತಾಡುವ, ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದ, ಮಿತಭಾಷಿ ಮನುಷ್ಯ. ಆಫೀಸಿನ ಒಂದು ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ, ಊಟದ ಗಂಟೆಯಾದ ಕೂಡಲೇ ಫ್ಯಾಕ್ಸಿನ ತಂತಿ ಬಿಚ್ಚಿ ಇದಕ್ಕೆ ಹಾಕುವುದು ಅವರ ಕೆಲಸ. ಆ ಕಂಪ್ಯೂಟರು ಆಫೀಸಿನ ಉಳಿದವುಗಳ ಜೊತೆ ಮೊದಲೇ ಸೇರಿಕೊಂಡಿದ್ದರಿಂದ, ಅದನ್ನು ಮುಟ್ಟಿದರೆ ನಾನು ಇಡೀ ಆಫೀಸನ್ನು ಮುಟ್ಟಿದ ಹಾಗೆ.

ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಮೋಡೆಮ್ ಕಿರುಚುತ್ತಿತ್ತು, ಆ ಕಡೆಯದೂ ಕಿರುಚುತ್ತಿತ್ತು, ಅಷ್ಟರಲ್ಲಿ ಕಡಿದುಹೋಗುತ್ತಿತ್ತು. ಕೊನೆಗೆ ಪ್ಲಾಸ್ಟರ್ ಕಾಲನ್ನು ಉದ್ದಕ್ಕೆ ಚಾಚಿ ವರಾಂಡದ ನೆಲದಲ್ಲಿ ಕೂತು, ಫೋನಿನ ತಂತಿಯಲ್ಲಿ ತುಕ್ಕು ಹಿಡಿದಿದ್ದ ಜಾಯಿಂಟನ್ನು ಕತ್ತರಿಸಿ ಹೊಸದಾಗಿ ಸುತ್ತಿದೆ. ಐದನೆಯ ದಿನ ಕಿರುಚಾಟ ನಿಂತು ಪರದೆಯ ಮೇಲೆ ಆಫೀಸಿನ ಫೈಲುಗಳ ಪಟ್ಟಿ ಬಂತು. ನಾನು "ಅಮ್ಮಾ" ಎಂದು ಕೂಗಿದೆ. ಅವಳು ಫೋನು ಬಂತೆಂದುಕೊಂಡು ಗಾಬರಿಯಾಗಿ ಓಡಿಬಂದು, ಒಳಗಿನ ಫೋನು ಎತ್ತಿ "ಹಲೋ" ಎಂದಳು. ಲೈನು ಹೋಯಿತು.

"ಮಾರಾಯ್ತಿ, ಈ ಒಂದು ಗಂಟೆ ಆ ಫೋನ್ ಮುಟ್ಟಬೇಡ."

"ಗಾಜನೂರಿಂದ ಅಕ್ಕ ಮಾಡಿದ್ರೆ?"

"ದೊಡ್ಡಮ್ಮಂಗೆ ಸಾಯಂಕಾಲ ಮಾಡಕ್ಕೆ ಹೇಳು."

ಲೈನಿನಲ್ಲಿ ಉಳಿದಷ್ಟೂ ಖರ್ಚು. ಹಾಗಾಗಿ ಅಲ್ಲಿಂದ ಫೈಲು ತೆಗೆದುಕೊಂಡು ಕೂಡಲೇ ಲೈನು ಬಿಡುತ್ತಿದ್ದೆ. ದಿನವಿಡೀ ಮನೆಯ ಕಂಪ್ಯೂಟರಿನಲ್ಲಿ ಕೆಲಸ. ಮರುದಿನ ಊಟದ ಹೊತ್ತಿಗೆ ಮುಗಿದದ್ದನ್ನು ಕುಗ್ಗಿಸಿ ಕಳಿಸಿದರೆ ಕೆಲವೇ ನಿಮಿಷದ ಮಾತು.

ತಿಂಗಳ ಕೊನೆಗೆ ಎಲೆಕ್ಟ್ರಿಷಿಯನ್ ಫೋನು ಮಾಡಿದರು. "ಅಮ್ಮಾ, ಹಾಜರಿ ಬುಕ್ಕಲ್ಲಿ ನಿಮ್ಮ ಹೆಸರಿನ ಮುಂದೆ ಪೂರ್ತಿ ಗೈರು ಹಾಕವ್ರೆ."

ಮರುದಿನ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಆಟೋದಲ್ಲಿ ಭದ್ರಾವತಿಗೆ ಹೋದೆ. ಆಫೀಸು ಇದ್ದದ್ದು ಮಹಡಿಯ ಮೇಲೆ. ಎಲೆಕ್ಟ್ರಿಷಿಯನ್ನೂ ಒಬ್ಬ ಮಿಸ್ತ್ರಿಯೂ ನನ್ನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ಡಯಲ್ ಮಾಡುವ ಪ್ರೋಗ್ರಾಂ ಪ್ರತಿ ಕರೆಯ ಹೊತ್ತು, ಕಳಿಸಿದ ಫೈಲಿನ ಹೆಸರು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿತ್ತು. ಅದರ ಪ್ರಿಂಟನ್ನು ಮ್ಯಾನೇಜರ ಮೇಜಿನ ಮೇಲೆ ಹರಡಿದೆ.

"ಹಾಜರಿ ಅಂದ್ರೆ ಗೇಟ್ ಒಳಗೆ ಬರೋದಮ್ಮ" ಎಂದರು ಅವರು, ಕಾಗದ ನೋಡದೆ.

"ಸರಿ ಸರ್. ಗೈರು ಇದ್ದವಳ ಡ್ರಾಯಿಂಗ್ ನಿಮಗ್ಯಾಕೆ? ಈ ಪಟ್ಟೀಲಿರೋದನ್ನೆಲ್ಲ ಪ್ಯಾಟರ್ನ್ ಶಾಪಿಂದ ವಾಪಸ್ ತರಿಸಿ. ಇಲ್ಲೇ ಕೂತು ಅಳಿಸಿ ಹೋಗ್ತೀನಿ."

ಬಾಗಿಲಲ್ಲಿ ನಿಂತಿದ್ದ ಮಿಸ್ತ್ರಿ ಮೆಲ್ಲಗೆ, "ಮೂರು ಆಗಲೇ ಎರಕಕ್ಕೆ ಹೋಗಿದಾವೆ ಸರ್" ಎಂದ.

ಮ್ಯಾನೇಜರು ಪ್ರಿಂಟನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಆಮೇಲೆ ಹಾಜರಿ ಪುಸ್ತಕ ತರಿಸಿ, ಪೆನ್ಸಿಲ್ ತೆಗೆದುಕೊಂಡು ತಿದ್ದತೊಡಗಿದರು.

"ಪೆನ್ನಲ್ಲಿ ಬರೀರಿ ಸರ್" ಎಂದೆ.

ಪೆನ್ನಿನಲ್ಲೇ ಬರೆದರು. ಆ ಮೇಲೆ ಅವರು ನನ್ನ ಜೊತೆ ನಗುತ್ತ ಮಾತಾಡಿದ್ದು ಇಲ್ಲ. ಮುಂದಿನ ಬಡ್ತಿ ನನ್ನನ್ನು ದಾಟಿ ಬೇರೆಯವರಿಗೆ ಹೋಯಿತು. ನಾನೂ ಬಿಟ್ಟು ಹೋಗಲಿಲ್ಲ. ಇನ್ನೂ ಒಂಬತ್ತು ವರ್ಷ ಅಲ್ಲೇ ಅವರ ಕಣ್ಣೆದುರು ಕೆಲಸ ಮಾಡಿದೆ.

ಆ ದಿನ ವಾಪಸ್ ಬರುವಾಗ ಆಟೋದಲ್ಲಿ ಅಮ್ಮ, "ಅಷ್ಟು ದೊಡ್ಡವರಿಗೆ ಹಂಗೆ ಮಾತಾಡಬಾರದಿತ್ತು ಕಣೆ" ಎಂದಳು. ಸ್ವಲ್ಪ ದೂರ ಸಾಗಿದ ಮೇಲೆ ಅವಳೇ, "ಬೇಗ ಹೋಗಪ್ಪ, ಊಟದ ಹೊತ್ತಿಗೆ ಇವಳು ಮನೇಲಿರಬೇಕು" ಎಂದು ಆಟೋದವನಿಗೆ ಹೇಳಿದಳು.