ಕುರಿ ಕಿವಿ ನೋಡಿದ ಪೋಲೀಸು

ಚಿತ್ತಯ್ಯನ ಬಗ್ಗೆ ಯಾಕೆ ಹೇಳ್ಬೇಕು ಅಂದ್ರೆ, ಅವನು ಕಳ್ಳನ್ನ ಹಿಡ್ದು ಪೇಪರ್‌ನಾಗೆ ಬಂದೋನು ಅಂತಲ್ಲ. ಮಾಡಿದ ತಪ್ಪಿಗೆ ನಾಚಿಕೆಪಟ್ಟು, ಆ ನಾಚಿಕೆನ ಬಚ್ಚಿಡದೆ ಅದೇ ಖಾಕಿ ಹಾಕ್ಕಂಡು ನಿಂತವ್ನೆ. ಅಂಥ ಪೋಲೀಸು ನಮ್ಮ ಕಡೆ ಇನ್ನೊಬ್ಬ ಇದ್ರೆ ನನಗೆ ಗೊತ್ತಿಲ್ಲ.

ಮಾಡದಕೆರೆ ಹತ್ರದ ಒಂದು ಹಟ್ಟಿಯೋನು. ಅಪ್ಪ ಯತ್ತಪ್ಪ ಕುರಿ ಮೇಸ್ತಾನೆ, ಅಮ್ಮ ಜುಂಜಮ್ಮ ಹೊಲ ನೋಡ್ತಾಳೆ. ಆ ಹಟ್ಟಿ ಜನಕ್ಕೆ ಪೋಲೀಸು ಅಂದ್ರೆ ಬೈಯೋನು. ರೋಡಿನ ಮೇಲೆ ಕುರಿ ಕಂಡ್ರೂ ಬೈತಾನೆ, ಕುರಿ ಕಳುವಾಯ್ತು ಅಂತ ಹೋದ್ರೂ ಬೈತಾನೆ. ಅದಕ್ಕೇ ಚಿತ್ತಯ್ಯ ಕಾನ್‌ಸ್ಟೇಬಲ್ ಆದಾಗ, "ನಮ್ಮೋನೊಬ್ಬ ಒಳಗವ್ನೆ, ಇನ್ನು ಭಯ ಇಲ್ಲ" ಅಂತ ಎಲ್ರೂ ಹಿಗ್ಗಿದ್ರು.

ಟ್ರೈನಿಂಗ್ ಮುಗಿದ ಪರೇಡಿಗೆ ಯತ್ತಪ್ಪ ಬರ್ಲಿಲ್ಲ. ಕುರಿ ಹೊಡ್ಕಂಡು ಹಿರಿಯೂರು ಕಡೆ ಮೇಸೋಕೆ ಹೋಗಿದ್ದ. ಫೋನಿನಾಗೆ ಚಾರ್ಜ್ ಇದ್ರೆ ಸಿಗ್ತಿದ್ದ, ಇಲ್ದಿದ್ರೆ ಯಾವ ಬಯಲಾಗೆ ಅವ್ನೆ ಅಂತ ದೇವ್ರಿಗೇ ಗೊತ್ತು. ಮಗನ್ನ ಖಾಕಿನಾಗೆ ಅವನು ನೋಡೇ ಇರ್ಲಿಲ್ಲ.

ಕೆಲ್ಸಕ್ಕೆ ಸೇರಿದ ಹೊಸದ್ರಾಗೆ ಚಿತ್ತಯ್ಯನ್ನ ಹಿರಿಯೂರು ಪಕ್ಕದ ಆದಿವಾಲದ ಹತ್ರ ಹೈವೇಗೆ ಬಂದೋಬಸ್ತ್ ಹಾಕಿದ್ರು, ಯಾರೋ ಮಂತ್ರಿ ಬರ್ತಾರೆ ಅಂತ. ಸಣ್ಣಗೆ ಮಳೆ ಹನಿತಿತ್ತು. ಇನ್ನೇನು ಕಾರುಗಳು ಬಂದ್ವು ಅನ್ನೋ ಹೊತ್ತಿಗೆ ಒಂದು ಕುರಿಹಿಂಡು ರೋಡಿಗೆ ಇಳೀತು. ಹಿಂದೆ ಒಬ್ಬ ಮುದುಕ, ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕ್ಕಂಡಿದ್ದ.

"ಏನಯ್ಯಾ, ಸುಮ್ನೆ ನೋಡ್ತಾ ನಿಂತಿದೀಯ!" ಅಂದ್ರು ಎಸ್ಸೈ.

ಚಿತ್ತಯ್ಯ ಓಡಿದ. "ಲೇ ಮುದ್ಕಾ! ಕಣ್ಣು ಕಾಣಲ್ವೇನಲೇ? ರೋಡು ನಿಮ್ಮಪ್ಪಂದಾ?" ಅಂತ ಹಿಂದಿನಿಂದ ಹೆಗಲ ಮೇಲೆ ಲಾಠಿ ಬಿಟ್ಟ.

"ಆಯ್ತು ಸಾಮಿ, ಆಯ್ತು ಸಾಮಿ," ಅಂದ ಮುದುಕ. ತಿರುಗಿ ನೋಡ್ಲಿಲ್ಲ. ಮುಖ ನೋಡಿದ್ರೆ ಇನ್ನೊಂದು ಏಟು ಬೀಳ್ತೈತೆ ಅನ್ನೋದು ಕುರಿಯೋರಿಗೆಲ್ಲ ಗೊತ್ತು.

ಆವಾಗ ಒಂದು ಕುರಿ ಚಿತ್ತಯ್ಯನ ಮೊಣಕಾಲಿಗೆ ಒರಸ್ಕಂಡು ನಿಂತ್ಕಂತು. ಎಡಗಿವಿ ತುದಿ ಕತ್ತರಿಸಿತ್ತು, ಕೆಳಗೊಂದು ಸೀಳು. ಪಕ್ಕದ ಕುರಿಗೂ ಅದೇ. ಹಿಂಡು ಬೆರೆತುಹೋದ್ರೆ ಗುರುತು ಸಿಗ್ಲಿ ಅಂತ ಒಂದೊಂದು ಮನೇರು ಒಂದೊಂದು ಥರ ಕಿವಿ ಕತ್ತರಿಸ್ತಾರೆ. ಇದು ಚಿತ್ತಯ್ಯನ ಮನೆ ಗುರುತು. ಎಷ್ಟೋ ಮರಿಗೆ ಅವನೇ ಹಾಕಿದ್ದ.

ಹೆತ್ತಪ್ಪನ ದನಿ ತಿಳೀಲಿಲ್ಲ, ಕುರಿ ಕಿವಿ ತಿಳೀತು. "ಅಪ್ಪಾ" ಅಂತ ಬಾಯಿಗೆ ಬಂತು. ಎಸ್ಸೈ ನೋಡ್ತಿದ್ರು. ನುಂಗ್ಕಂಡ. ಹಿಂಡು ಆ ಕಡೆ ಇಳ್ದು ಹೋಯ್ತು. ಕಾರುಗಳು ಬಂದ್ವು, ಸೆಲ್ಯೂಟ್ ಹೊಡೆದ.

ಅದಾಗಿ ಸ್ವಲ್ಪ ದಿನಕ್ಕೆ ಹಬ್ಬ ಬಂತು. ಯತ್ತಪ್ಪ ಹಟ್ಟಿಗೆ ಬಂದ, ಚಿತ್ತಯ್ಯನೂ ರಜ ಹಾಕಿ ಬಂದ. ಮಧ್ಯಾಹ್ನ ಉಣ್ಣೋಕೆ ಕುಂತಾಗ ಯತ್ತಪ್ಪ ಹೆಗಲು ಹಿಡ್ಕಂಡ.

"ಏನಾಯ್ತು?" ಅಂದ್ಲು ಜುಂಜಮ್ಮ.

"ಆದಿವಾಲದ ಹತ್ರ ಯಾವನೋ ಪೋಲೀಸು ಒಂದು ಬಿಟ್ಟ ಕಣೆ. ಮುಖ ನೋಡ್ಲಿಲ್ಲ. ದನಿ ಮಾತ್ರ ಕಟ್ಟಿಹಾಕಿದ ನಾಯಿ ಬೊಗಳ್ದಂಗಿತ್ತು."

"ಅವನ ಕೈ ಸೇದೋಗ! ಯಾವ ಮುಂಡೆ ಹೆತ್ತಳೋ ಅಂಥ ಮಗನ್ನ!" ಅಂತ ಜುಂಜಮ್ಮ ಮಗನ ತಟ್ಟೆಗೆ ಸಾರು ಬಿಟ್ಲು.

"ಹೋಗ್ಲಿ ಬಿಡೇ. ಮಗಾ, ನೀನು ಮಾತ್ರ ಹಂಗೆ ಆಗ್ಬ್ಯಾಡಪ್ಪ."

ಚಿತ್ತಯ್ಯ ಮುರಿದ ಮುದ್ದೆನ ತಟ್ಟೆಗೇ ಇಟ್ಟ. ಸುಮ್ನಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಆ ಸಾರು ಇನ್ನು ಉಂಬೋದು ಹೆಂಗೆ?

"ಅಪ್ಪಾ, ಅದು ನಾನೇ."

ಜುಂಜಮ್ಮ ಸೌಟು ಹಿಡ್ಕಂಡು ಹಂಗೇ ಕುಂತ್ಲು. ಯತ್ತಪ್ಪ ಉಂಡು ಮುಗಿಸಿದ, ತಟ್ಟೆನಾಗೇ ಕೈ ತೊಳೆದ.

"ನಾನು ಅಂತ ಯಾವಾಗ ಗೊತ್ತಾಯ್ತು?"

"ಕುರಿ ಕಿವಿ ನೋಡಿದ್ಮೇಲೆ."

"ಕಿವಿ ಬ್ಯಾರೆ ಥರ ಇದ್ದಿದ್ರೆ?"

ಚಿತ್ತಯ್ಯ ತಲೆ ಎತ್ಲಿಲ್ಲ. ಬ್ಯಾರೆ ಥರ ಇದ್ದಿದ್ರೆ ಅವತ್ತೇ ಮರ್ತು ಟೀ ಕುಡೀತಿದ್ದ. ಅದು ಅವನಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಾಯ್ತು.

"ಕೆಲ್ಸ ಬಿಡ್ತೀನಪ್ಪ."

"ಬಿಟ್ರೆ? ನಿನ್ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಅವನಿಗೆ ಕುರಿ ಕಿವಿನೂ ಗೊತ್ತಿರಲ್ಲ. ಹೋಗು ಸಾಮಿ, ಡ್ಯೂಟಿಗೆ ಹೋಗು."

ಹೆತ್ತ ಮಗನ್ನ ಸಾಮಿ ಅಂದ. ಇವತ್ತಿಗೂ ಸಿಟ್ಟು ಬಂದ್ರೆ ಹಂಗೇ ಅಂತಾನೆ. ಚಿತ್ತಯ್ಯ ಎದುರಾಡಲ್ಲ.

ಈಗ ಅವನಿಗೆ ಶ್ರೀರಾಂಪುರದ ಬಸ್‌ಸ್ಟ್ಯಾಂಡ್ ಕಡೆ ಡ್ಯೂಟಿ. ಕುರಿಯೋರು, ಕೂಲಿಯೋರು, ಯಾರೇ ಬಂದ್ರೂ "ಬರ್ರಿ, ಕುಂತ್ಕಳ್ರಿ" ಅಂತಾನೆ. ಜೊತೆ ಪೋಲೀಸ್ರು "ಏನಪ್ಪ, ಬೀಗ್ರು ಬಂದ್ರಾ?" ಅಂತ ಆಡ್ಕಂತಾರೆ. ಒಂದೊಂದ್ಸಲ ಬಾಯಿತಪ್ಪಿ "ಲೇ" ಬರ್ತೈತೆ, ಇಲ್ಲ ಅನ್ನಲ್ಲ. ಅವತ್ತೆಲ್ಲ ಮುಖ ಸಣ್ಣದು ಮಾಡ್ಕಂಡಿರ್ತಾನೆ.

ಆ ಕಡೆ ಹೋದ್ರೆ ಅವನ್ನ ಒಂದ್ಸಲ ಮಾತಾಡ್ಸಿ ಬರ್ರಿ. ಕೇಳಿದ್ರೆ ಇದನ್ನೆಲ್ಲ ಅವನೇ ಹೇಳ್ತಾನೆ, ನೆಲ ನೋಡ್ಕಂಡು. ನಿಮಗೂ ಲೇ ಅಂದ್ರೆ ಸಿಟ್ಟಾಗ್ಬ್ಯಾಡ್ರಿ. ಅವನಿಗೆ ಕಾಣೋ ಹಂಗೆ ನಿಮ್ಮ ಎಡಗಿವಿ ತುದಿ ಮುಟ್ಕಳ್ರಿ, ಸಾಕು.